ಇರುವೆ ನಿಯಂತ್ರಣ: ಸಾಲು ಅಳಿದರೆ ಸಾಲದು, ಗೂಡು ಅಳಿಯಬೇಕು

ಗಂಗಾವತಿ ತಾಲೂಕಿನ ಸಾಣಾಪುರವು ಬಂಡೆಗುಡ್ಡ, ತುಂಗಭದ್ರಾ ಎಡದಂಡೆ ಕಾಲುವೆಯ ಕೆರೆ, ಭತ್ತದ ಗದ್ದೆ ಹಾಗೂ ಬಾಳೆ ತೋಟಗಳ ನಡುವಿನ ಊರು. ಬೇಸಿಗೆಯಲ್ಲಿ ಬಂಡೆ ಕಾದು ನೆಲದ ತೇವ ಆರಿದಾಗ ಇರುವೆಗಳು ನೀರು, ನೆರಳು ಅರಸಿ ಮನೆಯೊಳಗೆ ಬರುತ್ತವೆ. ಮಳೆ ಸುರಿದು, ಗದ್ದೆಗೆ ನೀರು ಕಟ್ಟಿದಾಗ ಬದುಗಳಲ್ಲಿನ ಗೂಡುಗಳಿಗೆ ನೀರು ನುಗ್ಗುತ್ತದೆ. ಆಗ ಅವು ಮೊಟ್ಟೆ, ಮರಿಗಳನ್ನು ಹೊತ್ತು ಎತ್ತರದ ಒಣ ನೆಲೆಗೆ ಸಾಗುತ್ತವೆ. ಆ ನೆಲೆ ಅನೇಕ ವೇಳೆ ಮನೆಯ ಬುನಾದಿ ಅಥವಾ ಗೋದಾಮಿನ ಗೋಡೆಯ ಬಿರುಕೇ ಆಗಿರುತ್ತದೆ.

ವರ್ತಕರಿಗೆ ಇದು ಕೇವಲ ಕಿರಿಕಿರಿಯ ವಿಷಯವಲ್ಲ. ಕಿರಾಣಿ ಅಂಗಡಿಯ ಬೆಲ್ಲ, ಮಿಠಾಯಿ ತಯಾರಕರ ಪಾಕ, ಪ್ರವಾಸಿ ವಸತಿಗೃಹದ ಅಡುಗೆಮನೆ ಮುಂತಾದ ಎಲ್ಲೆಡೆ ಇರುವೆಯಿಂದ ಮಾಲಿನ ಜೊತೆಗೆ ಹೆಸರೂ ಕೆಡುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಅಡಿ 2011ರಲ್ಲಿ ಬಂದ ಪರವಾನಗಿ ನಿಯಮಗಳ 4ನೇ ಅನುಸೂಚಿಯು ಆಹಾರ ತಯಾರಿಸುವ ಹಾಗೂ ಸಂಗ್ರಹಿಸುವ ಸ್ಥಳಗಳಲ್ಲಿ ಕೀಟ ನಿಯಂತ್ರಣವನ್ನು ಅಗತ್ಯಗೊಳಿಸಿದೆ. ಆದ್ದರಿಂದ ಈ ಸೇವೆಯನ್ನು ಕೊಳ್ಳುವವರು ಯಾವುದಕ್ಕೆ ಹಣ ತೆರುತ್ತಿದ್ದೇವೆಂಬುದನ್ನು ಅರಿತಿರಬೇಕು.

ಸಿಂಪಡಣೆ ಏಕೆ ಸೋಲುತ್ತದೆ?

ಗೋಡೆಯ ಮೇಲೆ ಕಾಣುವ ಸಾಲು ಗೂಡಿನ ಒಂದು ಸಣ್ಣ ಭಾಗ ಮಾತ್ರ. ಆಹಾರ ತರುವ ಕೆಲಸಗಾರ ಇರುವೆಗಳು ಸತ್ತರೆ ಒಳಗಿನ ರಾಣಿ ಮತ್ತೆ ಮೊಟ್ಟೆಯಿಟ್ಟು ಆ ಕೊರತೆಯನ್ನು ತುಂಬುತ್ತದೆ. ಆದುದರಿಂದಲೇ ಸಿಂಪಡಿಸಿದ ದಿನ ಮಾಯವಾದ ಸಾಲು ಕೆಲವೇ ದಿನಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕಟ್ಟಡಗಳೊಳಗೆ ನೆಲೆಸುವ, ಹಳದಿ ಬಣ್ಣದ ಅತಿ ಸಣ್ಣ ಫರೋ ಇರುವೆಯ ವಿಷಯದಲ್ಲಿ ಪರಿಸ್ಥಿತಿ ಇನ್ನೂ ಕೆಡುತ್ತದೆ. ಅದರ ಒಂದು ಗೂಡಿನಲ್ಲಿ ಹಲವು ರಾಣಿಗಳಿರುತ್ತವೆ. ಕಟುವಾದ ಔಷಧ ತಾಗಿದೊಡನೆ ಗೂಡು ಒಡೆದು, ಒಂದಿದ್ದುದು ಹಲವಾಗಿ ಹರಡುತ್ತದೆ.

ಪರಿಣತರ ಕ್ರಮ

1. ಪರಿಶೀಲನೆ: ಮೊದಲು ಬಂದಿರುವುದು ಇರುವೆಯೋ ಗೆದ್ದಲೋ ಎಂಬುದನ್ನು ತಿಳಿಯಬೇಕು. ಇರುವೆಯ ಸೊಂಟ ಸಣ್ಣದು, ಮೀಸೆ ಮೊಣಕೈಯಂತೆ ಬಾಗಿರುತ್ತದೆ. ರೆಕ್ಕೆ ಇದ್ದರೆ ಮುಂದಿನ ಜೋಡಿ ಹಿಂದಿನದಕ್ಕಿಂತ ದೊಡ್ಡದು. ಗೆದ್ದಲಿನ ಸೊಂಟ ದಪ್ಪ, ನಾಲ್ಕೂ ರೆಕ್ಕೆ ಸಮ. ಎರಡರ ಚಿಕಿತ್ಸೆಯೂ ಖರ್ಚೂ ಬೇರೆ ಬೇರೆ. ಅನಂತರ ಸಾಲನ್ನು ಹಿಂಬಾಲಿಸಿ ಗೂಡಿನ ಬಾಯನ್ನು ಗುರುತಿಸಬೇಕು.

2. ರುಚಿಯ ಪರೀಕ್ಷೆ: ಒಂದು ಕಾಗದದ ಮೇಲೆ ಸಕ್ಕರೆ ಪಾಕ, ಇನ್ನೊಂದರ ಮೇಲೆ ಎಣ್ಣೆಯ ಅಂಶವುಳ್ಳ ತಿನಿಸು ಇಟ್ಟು ನೋಡಬೇಕು. ಗೂಡಿನಲ್ಲಿ ಮರಿಗಳು ಹೆಚ್ಚಿದ್ದಾಗ ಸಿಹಿಯನ್ನು ಬಿಟ್ಟು ಸಾರಾಂಶದ ಆಹಾರವನ್ನು ಅರಸುವುದುಂಟು.

3. ವಿಷತಿನಿಸು: ಇರುವೆಗಳು ನುಂಗಿದ ದ್ರವಾಹಾರವನ್ನು ಬಾಯಿಂದ ಬಾಯಿಗೆ ಹಂಚಿಕೊಳ್ಳುತ್ತವೆ. ನಿಧಾನವಾಗಿ ಕೊಲ್ಲುವ ವಿಷವಾದರೆ ಹೊತ್ತೊಯ್ದ ಇರುವೆ ಸಾಯುವ ಮೊದಲೇ ಅದು ಮರಿಗಳನ್ನೂ ರಾಣಿಯನ್ನೂ ತಲುಪುತ್ತದೆ. ವಿಷ ಹೆಚ್ಚಾದರೆ ಇರುವೆ ದಾರಿಯಲ್ಲೇ ಸತ್ತು ಉದ್ದೇಶ ಕೆಡುತ್ತದೆ. ತಿನಿಸು ಇಟ್ಟ ಜಾಗದಲ್ಲಿ ಸಿಂಪಡಣೆ ಸಲ್ಲದು. ಮೊದಲ ದಿನಗಳಲ್ಲಿ ಸಾಲು ದಟ್ಟವಾದರೆ ಗಾಬರಿಯಾಗಬಾರದು. ತಿನಿಸು ಗೂಡಿಗೆ ಹೋಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

4. ದಾರಿ ಮುಚ್ಚುವುದು: ಸಾಲು ನಿಂತ ಮೇಲೆ ಬಿರುಕುಗಳಿಗೆ ಸಿಮೆಂಟು ತುಂಬಿ, ಸೋರುವ ನಲ್ಲಿ ಸರಿಪಡಿಸಿ, ಮೂಟೆಗಳನ್ನು ಹಲಗೆಗಳ ಮೇಲೆ ಗೋಡೆಯಿಂದ ದೂರ ಜೋಡಿಸಬೇಕು.

ಹಿತ್ತಲಿನ ಮೂಲ

ಅನೇಕ ಮನೆಗಳಲ್ಲಿ ಇರುವೆಯ ನಿಜವಾದ ಉಗ್ರಾಣ ಅಡುಗೆಮನೆಯಲ್ಲ, ಹಿತ್ತಲು. ಬಾಳೆ, ದಾಸವಾಳ, ಪೇರಲ ಗಿಡಗಳ ಮೇಲಿನ ಸಸ್ಯಹೇನು ಮತ್ತು ಹಿಟ್ಟುತಿಗಣೆಗಳು ಸಿಹಿಯಾದ ಅಂಟನ್ನು ಸ್ರವಿಸುತ್ತವೆ. ಇರುವೆಗಳು ಅದನ್ನು ಕುಡಿದು, ಪ್ರತಿಯಾಗಿ ಆ ಕೀಟಗಳನ್ನು ಶತ್ರುಗಳಿಂದ ಕಾಯುತ್ತವೆ. ಆದ್ದರಿಂದ ಅಂತಹ ರೆಂಬೆಗಳನ್ನು ಕತ್ತರಿಸುವುದು, ಹೇನನ್ನು ನೀರಿನ ರಭಸದಿಂದ ತೊಳೆಯುವುದು, ಗೋಡೆಗೆ ತಾಗಿದ ಕೊಂಬೆಗಳನ್ನು ಸವರುವುದು ಔಷಧದಷ್ಟೇ ಮುಖ್ಯ. ಮನೆಗೆ ತೊಂದರೆ ಕೊಡದ, ತೋಟದ ದೂರದ ಗೂಡುಗಳನ್ನು ಹಾಗೆಯೇ ಬಿಡುವುದು ಲೇಸು. ಇರುವೆಗಳು ಅನೇಕ ಕೀಟಗಳನ್ನು ತಿಂದು ಉಪಕಾರವನ್ನೂ ಮಾಡುತ್ತವೆ.

ಪ್ರಾಣಕ್ಕೆ ಎರವಾಗುವ ತಪ್ಪು

ಗಂಗಾವತಿ, ಕಾರಟಗಿ ಸೀಮೆ ಅಕ್ಕಿ ಗಿರಣಿಗಳ ಸೀಮೆ. ದಾಸ್ತಾನಿನ ಹುಳುಗಳಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ಮನೆಯ ಇರುವೆ ಗೂಡಿಗೆ ಹಾಕುವ ಯೋಚನೆಯನ್ನು ಯಾರೂ ಮಾಡಬಾರದು. ಗಾಳಿಯ ತೇವ ತಾಗಿದರೆ ಸಾಕು, ಅವು ಫಾಸ್ಫೀನ್ ಅನಿಲವನ್ನು ಬಿಡುತ್ತವೆ. ಆ ಅನಿಲ ಬಿರುಕುಗಳ ಮೂಲಕ ಮಲಗುವ ಕೋಣೆಗೂ ಸೇರಬಲ್ಲದು, ಅದಕ್ಕೆ ಪ್ರತಿವಿಷವಿಲ್ಲ. ಸರ್ಕಾರಿ ಸಂಸ್ಥೆಗಳು ಮತ್ತು ಅನುಮತಿ ಪಡೆದ ಪರಿಣತರಿಗೆ ಮಾತ್ರ ಅದರ ಬಳಕೆ ಮೀಸಲಾಗಿದೆ. ಗಿರಣಿ ಮಾಲೀಕರು ಗುಳಿಗೆಗಳ ಲೆಕ್ಕವಿಟ್ಟು ಬೀಗದಲ್ಲಿಡುವುದು ಅವರ ಹೊಣೆ. ಹಾಗೆಯೇ ಒಂದು ಕಾಲದಲ್ಲಿ ಮನೆಮನೆಗಳಲ್ಲಿ ಉದುರಿಸುತ್ತಿದ್ದ ಬಿ.ಎಚ್.ಸಿ. ಪುಡಿ 1997ರಿಂದ ದೇಶದಲ್ಲಿ ನಿಷೇಧಿತವಾಗಿದೆ. ಹಳೆಯ ಡಬ್ಬಿ ಉಳಿದಿದ್ದರೆ ಅದನ್ನು ಬಳಸುವಂತಿಲ್ಲ.

ಕರಾರಿನಲ್ಲಿ ಏನಿರಬೇಕು?

• 1968ರ ಕೀಟನಾಶಕ ಕಾಯ್ದೆಯ ಅಡಿ ಪಡೆದ ಪರವಾನಗಿಯ ಪ್ರತಿ.
• ಬಳಸುವ ಔಷಧದ ಹೆಸರು, ಪ್ರಮಾಣ ಹಾಗೂ ಮೂಲ ಚೀಟಿ. ಚೀಟಿಯ ಮೇಲಿನ ತ್ರಿಕೋನದಲ್ಲಿ ಕೆಂಪು ಅತ್ಯಂತ ತೀವ್ರ ವಿಷವನ್ನು ಸೂಚಿಸಿದರೆ, ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ ತೀವ್ರತೆಯವು. ಬಿಡಿ ಬಾಟಲಿಯಲ್ಲಿ ತಂದ ಔಷಧವನ್ನು ಒಪ್ಪಬಾರದು.
• ಗೂಡುಗಳ ಜಾಗವನ್ನು ನಮೂದಿಸಿದ ಲಿಖಿತ ವರದಿ.
• ಕೆಲವು ವಾರಗಳ ಬಳಿಕ ಮರುಭೇಟಿ. ಹಣದ ಒಂದು ಭಾಗ ಅದರ ನಂತರವೇ ಸಂದಾಯ.

ವರ್ಷಕ್ಕೆ ಇಷ್ಟು ಸಲ ಸಿಂಪಡಣೆ ಎಂಬ ಲೆಕ್ಕದ ಕರಾರಿನಲ್ಲಿ ಇರುವೆ ಮರಳಿ ಬಂದಷ್ಟೂ ಗುತ್ತಿಗೆದಾರನಿಗೇ ಲಾಭ. ಗೂಡು ಹುಡುಕಿ, ಮರುಭೇಟಿಯಲ್ಲಿ ಸಾಲು ಇಲ್ಲವೆಂದು ತೋರಿಸಿಕೊಡಬೇಕೆಂಬ ಕರಾರಿನಲ್ಲಿ ಕೊಟ್ಟ ಹಣಕ್ಕೆ ತಕ್ಕ ಕೆಲಸ ದೊರೆಯುತ್ತದೆ. ಮುಂಗಾರಿಗೆ ಮೊದಲೇ ಇಂತಹ ಒಂದು ಪರಿಶೀಲನೆ ಮುಗಿಸಿಕೊಂಡರೆ, ಗದ್ದೆ ತುಂಬುವ ಹೊತ್ತಿಗೆ ಗೋದಾಮೂ ಮನೆಯೂ ಭದ್ರವಾಗಿರುತ್ತವೆ.