ಕೊಯ್ಯುವವರ ಕೈಯಲ್ಲ, ನೀರು ಬಿಟ್ಟ ದಿನ

ಪೀಣ್ಯದ ಮಷಿನ್ ಶಾಪುಗಳ ಗುಣಮಟ್ಟ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದವನು ನಾನು. ಮಾಲು ಯಾಕೆ ಕೆಟ್ಟಿತು ಎಂದು ಹುಡುಕುವುದೇ ನನ್ನ ಕಸುಬು. ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ: ಆ ಹುಡುಕಾಟ ಯಾರೋ ಒಬ್ಬನ ಹೆಸರಿಗೆ ಬಂದು ನಿಂತರೆ ಅದು ಅರ್ಧ ದಾರಿಯಲ್ಲೇ ನಿಂತಿದೆ.

ಟೊಯೋಟಾದ ತಾಯಿಚಿ ಓನೋ 1978ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಕೊಟ್ಟ ಉದಾಹರಣೆ ನಮ್ಮ ಕಸುಬಿನವರಿಗೆ ಚಿರಪರಿಚಿತ. ಯಂತ್ರ ನಿಂತಿತು, ಯಾಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಯಾಕೆ? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಯಾಕೆ? ಪಂಪು ಎಣ್ಣೆ ಎತ್ತುತ್ತಿರಲಿಲ್ಲ. ಯಾಕೆ? ಅದರ ಶಾಫ್ಟ್ ಸವೆದಿತ್ತು. ಯಾಕೆ? ಜಾಲರಿಯೇ ಇರಲಿಲ್ಲ, ಲೋಹದ ಚೂರು ಒಳಗೆ ಹೋಗಿತ್ತು. ಬರೀ ಫ್ಯೂಸ್ ಹಾಕಿ ಎದ್ದವನು ಕೆಲವೇ ತಿಂಗಳುಗಳಲ್ಲಿ ಮತ್ತೆ ಫ್ಯೂಸ್ ಹಾಕಬೇಕಾಗುತ್ತದೆ.

ನಾನಿದ್ದ ಒಂದು ಶಾಪಿನಲ್ಲಿ ಬೆಳಗಿನ ಪಾಳಿಯ ಮೊದಲ ಪೀಸುಗಳೇ ಅಳತೆ ತಪ್ಪುತ್ತಿದ್ದವು. ರಿಜಿಸ್ಟರಿನಲ್ಲಿ ದಿನವೂ ಒಂದೇ ಕಾರಣ: ಆಪರೇಟರ್ ನಿರ್ಲಕ್ಷ್ಯ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಕಾದರೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ತಣ್ಣಗಿದ್ದ ಸಿಎನ್‌ಸಿ ಯಂತ್ರ ಬಿಸಿಯಾಗುವವರೆಗೆ ಅಳತೆ ಅಲುಗಾಡುವುದು ಸಹಜ. ಹಾಗಾದರೆ ಹುಡುಗರು ಯಂತ್ರವನ್ನು ಸ್ವಲ್ಪ ಹೊತ್ತು ಖಾಲಿ ಓಡಿಸಿ ಯಾಕೆ ಬಿಸಿ ಮಾಡುತ್ತಿರಲಿಲ್ಲ? ಪೀಸಿನ ಲೆಕ್ಕ ಪಾಳಿ ಶುರುವಾದ ಕ್ಷಣದಿಂದಲೇ ಓಡುತ್ತಿತ್ತು, ಖಾಲಿ ಓಡಿಸಿದಷ್ಟೂ ಅವರ ಇನ್ಸೆಂಟಿವ್ ಕಡಿಮೆಯಾಗುತ್ತಿತ್ತು. ಬಿಸಿ ಮಾಡುವ ಸಮಯವನ್ನೂ ಕೆಲಸವೆಂದು ಎಣಿಸಲು ತೊಡಗಿದ ಮೇಲೆ ಆ ದೋಷ ನಿಂತಿತು.

ಇದೇ ಹುಡುಕಾಟ ಊರಿನಲ್ಲೂ ಬೇಕಾಯಿತು. ನನ್ನ ಹುಟ್ಟೂರು ತಮಿಳುನಾಡಿನ ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿ. ಮನೆಮಾತು ಕನ್ನಡ, ಬೀದಿಯ ಮಾತು ತಮಿಳು, ಬೆಳೆ ಪನ್ನೀರು ದ್ರಾಕ್ಷಿ. ಇಲ್ಲಿ ಚಪ್ಪರದ ಕೆಳಗೆ ವರ್ಷವಿಡೀ ಒಂದಲ್ಲ ಒಂದು ತೋಟದಲ್ಲಿ ಕೊಯ್ಲು ಇದ್ದೇ ಇರುತ್ತದೆ. ಚಿಕ್ಕಪ್ಪನ ತೋಟದ ಹಣ್ಣು ಕುಮಿಳಿ ಘಾಟಿ ಹತ್ತಿ ಕೇರಳದ ಮಂಡಿ ಮುಟ್ಟುವಷ್ಟರಲ್ಲಿ ಒಡೆದು, ಕ್ರೇಟಿನ ತಳದಲ್ಲಿ ರಸ ನಿಲ್ಲುತ್ತಿತ್ತು. ವ್ಯಾಪಾರಿ ಹಣ ಮುರಿದುಕೊಳ್ಳುತ್ತಿದ್ದ. “ಕೊಯ್ಯೋ ಹೆಂಗಸರ ಕೈ ಒರಟು ಕಣಪ್ಪ” ಎಂದು ಚಿಕ್ಕಪ್ಪ ಬೇಸರಪಟ್ಟರು.

ಕ್ರೇಟು ತುಂಬುವ ಜಾಗದಲ್ಲೇ ಕೂತು ನೋಡಿದೆ. ಕತ್ತರಿಸುವ ಮೊದಲೇ, ಗೊಂಚಲು ಬಳ್ಳಿಯಲ್ಲಿದ್ದಾಗಲೇ ಹಣ್ಣುಗಳಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಎರಡು ದಿನದ ಹಿಂದೆ ತೋಟಕ್ಕೆ ನೀರು ಬಿಟ್ಟಿದ್ದರು. ಮಾಗಿದ ದ್ರಾಕ್ಷಿ ನೀರು ಹೀರಿ ಉಬ್ಬಿದರೆ ಸಿಪ್ಪೆ ತಡೆಯುವುದಿಲ್ಲ. ಕೊಯ್ಲಿನ ಹೊತ್ತಿಗೆ ನೀರು ಬಿಡಬಾರದೆಂದು ಚಿಕ್ಕಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬಿಟ್ಟದ್ದು ಯಾಕೆ? ಕೊಯ್ಲು ಯಾವತ್ತು ಎಂದು ಅವರಿಗೇ ಗೊತ್ತಿರಲಿಲ್ಲ. ವ್ಯಾಪಾರಿಯ ಫೋನು ಬರುತ್ತಿದ್ದದ್ದು ಹಿಂದಿನ ಸಂಜೆ. ಹೆಂಗಸರ ಕೈಗೂ ಈ ನಷ್ಟಕ್ಕೂ ಸಂಬಂಧವೇ ಇರಲಿಲ್ಲ, ಬೈಗುಳ ತಿಂದದ್ದು ಮಾತ್ರ ಅವರು. ಇದು ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಆದರೆ ಊಹೆ ಎಷ್ಟೇ ಸರಿಯೆನಿಸಿದರೂ ಪರೀಕ್ಷೆಗೆ ಒಡ್ಡಬೇಕು. ಓನೋ ಅವರಂತೆ ಐದು ಸಲ ‘ಯಾಕೆ’ ಎಂದು ಕೇಳಿದ್ದೇವೆಂದ ಮಾತ್ರಕ್ಕೆ ಉತ್ತರ ನಿಜವಾಗುವುದಿಲ್ಲ, ಕಾರಣ ತೆಗೆದರೆ ದೋಷ ಹೋಗಬೇಕು. ಮುಂದಿನ ಬೆಳೆಯಲ್ಲಿ ತೋಟದ ಒಂದು ಭಾಗಕ್ಕೆ ಮೊದಲೇ ನೀರು ನಿಲ್ಲಿಸಿದೆವು, ಇನ್ನೊಂದಕ್ಕೆ ಎಂದಿನಂತೆ ಬಿಟ್ಟೆವು. ಕೊಯ್ದದ್ದು ಅದೇ ಹೆಂಗಸರು, ಹೋದದ್ದು ಅದೇ ಲಾರಿ. ನೀರು ನಿಲ್ಲಿಸಿದ ಕಡೆಯ ಕ್ರೇಟುಗಳ ತಳ ಒಣಗಿತ್ತು. ಅದನ್ನು ಕಣ್ಣಾರೆ ಕಂಡ ಮೇಲೆ ವ್ಯಾಪಾರಿ ಕೊಯ್ಲಿನ ದಿನವನ್ನು ವಾರ ಮೊದಲೇ ಹೇಳಲು ಒಪ್ಪಿದ. ಮಳೆ ಬಂದರೆ ಈ ಲೆಕ್ಕ ಕೈಕೊಡುತ್ತದೆ, ಅದು ಬೇರೆ ಸಮಸ್ಯೆ, ಅದಕ್ಕೆ ಬೇರೆಯದೇ ಹುಡುಕಾಟ ಬೇಕು.

ಕಂಬಂ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಆ ಹೆಸರಿಗೆ ತಕ್ಕ ಹಣ್ಣು ಮಂಡಿ ಮುಟ್ಟಬೇಕಾದರೆ, ಕಣಿವೆಯ ಹಣ್ಣು ಕೊಳ್ಳುವ ವ್ಯಾಪಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಕೊಯ್ಲಿನ ದಿನವನ್ನು ವಾರ ಮೊದಲೇ ಬೆಳೆಗಾರರಿಗೆ ತಿಳಿಸಿ.