ಚಾಸಿಯಲ್ಲಿ ಬ್ಲೇಡ್ ಕೂರಿಸಿ ಪವರ್ ಪರೀಕ್ಷಿಸುವುದು: ಹೊಸಬರಿಗೆ ಹಂತ ಹಂತವಾಗಿ

ಡೇಟಾ ಸೆಂಟರ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಬ್ಲೇಡ್, ಅಂದರೆ ಚಾಸಿ ಎಂಬ ಪೆಟ್ಟಿಗೆಯೊಳಗೆ ಸೇರುವ ಸರ್ವರ್, ಕೂರಿಸುವುದು ಬೇಗ ಕೈಗೆ ಹತ್ತುತ್ತದೆ. ಒಳಗೆ ತಳ್ಳಿ, ಲಿವರ್ ಮುಚ್ಚಿ, ಹಸಿರು ದೀಪ ಬಂದರೆ ಮುಗಿಯಿತು ಎಂದು ಹೊರಟುಬಿಡುತ್ತಾರೆ. ಹಸಿರು ದೀಪ ಹೇಳುವುದು ಈಗ ಕರೆಂಟ್ ಇದೆ ಎಂದಷ್ಟೆ. ನಾಳೆ ಒಂದು ಫೀಡ್, ಅಂದರೆ ಕರೆಂಟ್ ಬರುವ ಎರಡು ದಾರಿಗಳಲ್ಲಿ ಒಂದು, ಹೋದರೆ ಈ ಚಾಸಿ ನಿಲ್ಲುತ್ತದೋ ಮಲಗುತ್ತದೋ ಎಂಬುದನ್ನು ನಾವೇ ನೋಡಿ ತಿಳಿಯಬೇಕು. ಹಾಗಾಗಿ ಇಲ್ಲಿ ಕೂರಿಸುವುದಕ್ಕಿಂತ ಪವರ್ ನೋಡುವುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಎಚ್‌ಪಿ ಕಂಪನಿ 2006ರಲ್ಲಿ ತಂದ ಸಿ7000 ಚಾಸಿಯನ್ನು ಇಟ್ಟುಕೊಳ್ಳೋಣ. ರ‍್ಯಾಕಿನಲ್ಲಿ 10ಯು ಎತ್ತರ. ಮುಂದೆ ಅರ್ಧ ಎತ್ತರದ 16 ಬ್ಲೇಡ್‌ಗಳಿಗೆ ಜಾಗ (ಒಂದೊಂದು ಜಾಗವೂ ಒಂದು ಬೇ), ಅವುಗಳ ಕೆಳಗೆ 6 ಪವರ್ ಸಪ್ಲೈ. ಹಿಂದೆ 10 ಫ್ಯಾನ್, ಸ್ವಿಚ್‌ಗಳು, ಮತ್ತು ಎಲ್ಲದರ ಮೇಲೂ ಕಣ್ಣಿಡುವ ಆನ್‌ಬೋರ್ಡ್ ಅಡ್ಮಿನಿಸ್ಟ್ರೇಟರ್, ಅಂದರೆ ಎಲ್ಲರೂ ಕರೆಯುವಂತೆ ಓಎ. ಕೂರಿಸಬೇಕಾದ್ದು ಬಿಎಲ್460ಸಿ ಬ್ಲೇಡ್. ಬೇರೆ ಕಂಪನಿಯ ಚಾಸಿಯಲ್ಲಿ ಹೆಸರುಗಳು ಬದಲಾಗಬಹುದು, ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಹಂತ 1: ಬೇ ಆರಿಸುವುದು

ಮುಂದೆ ನಿಂತು ನೋಡಿದರೆ ಮೇಲಿನ ಸಾಲು ಎಡದಿಂದ ಬಲಕ್ಕೆ 1ರಿಂದ 8, ಕೆಳಗಿನ ಸಾಲು 9ರಿಂದ 16. ಖಾಲಿ ಇರುವ ಬೇಗಳಲ್ಲೆಲ್ಲ ಬ್ಲೇಡ್ ಹಾಕುವಂತಿಲ್ಲ, ಫ್ಯಾನ್ ಎಷ್ಟಿವೆ ಎಂಬುದು ಮುಖ್ಯ. ನಾಲ್ಕೇ ಫ್ಯಾನ್ ಇದ್ದರೆ 1, 2, 9, 10ನೇ ಬೇಗಳು ಮಾತ್ರ. ಆರು ಇದ್ದರೆ 1ರಿಂದ 4 ಮತ್ತು 9ರಿಂದ 12. ಎಂಟು ಅಥವಾ ಹತ್ತು ಇದ್ದರೆ ಎಲ್ಲ ಬೇಗಳೂ ಸರಿ.

ಬ್ಲೇಡಿನಲ್ಲಿ ಫೈಬರ್ ಚಾನೆಲ್‌ನಂಥ ಹೆಚ್ಚುವರಿ ಮೆಜನೈನ್ ಕಾರ್ಡ್ ಇದ್ದರೆ ಅದಕ್ಕೆ ಹೊಂದುವ ಸ್ವಿಚ್ ಹಿಂದೆ ಸರಿಯಾದ ಜಾಗದಲ್ಲಿದೆಯೇ ನೋಡಿ. ಮೊದಲ ಮೆಜನೈನ್‌ನ ದಾರಿ ಹೋಗುವುದು ಸ್ವಿಚ್ ಕೂರುವ 3 ಮತ್ತು 4ನೇ ಇಂಟರ್‌ಕನೆಕ್ಟ್ ಬೇಗಳಿಗೆ.

ಹಂತ 2: ಬ್ಲೇಡ್ ಸಿದ್ಧ ಮಾಡುವುದು

ಮಣಿಕಟ್ಟಿಗೆ ಆಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ. ರ‍್ಯಾಮ್, ಪ್ರೊಸೆಸರ್, ಕಾರ್ಡ್‌ಗಳನ್ನೆಲ್ಲ ಹೊರಗಡೆಯೇ ಹಾಕಿ ಮೇಲಿನ ಮುಚ್ಚಳ ಭದ್ರ ಮಾಡಿ. ಮುಂಭಾಗದಲ್ಲಿ ಹೊರಗೆಳೆಯುವ ಚಿಕ್ಕ ಪಟ್ಟಿಯೊಂದಿದೆ. ಅದರ ಮೇಲೆ ಸೀರಿಯಲ್ ಸಂಖ್ಯೆಯೂ ಐಲೋದ ಮೊದಲ ಪಾಸ್‌ವರ್ಡೂ ಇರುತ್ತವೆ, ಈಗಲೇ ಬರೆದಿಟ್ಟುಕೊಳ್ಳಿ. ಐಲೋ ಎಂದರೆ ಬ್ಲೇಡ್ ಆಫ್ ಆಗಿದ್ದಾಗಲೂ ಎಚ್ಚರವಿದ್ದು ದೂರದಿಂದ ನಿಯಂತ್ರಿಸಲು ಬಿಡುವ ಚಿಪ್.

ಬ್ಲೇಡ್ ಹಿಂದಿನ ಕನೆಕ್ಟರಿಗೆ ಸಾಗಾಟದಲ್ಲಿ ಪಿನ್ ಮುರಿಯದಂತೆ ಪ್ಲಾಸ್ಟಿಕ್ ಟೋಪಿ ಹಾಕಿರುತ್ತಾರೆ. ಅದನ್ನು ತೆಗೆಯದೆ ತಳ್ಳಿದರೆ ಬ್ಲೇಡ್ ಪೂರ್ತಿ ಒಳಗೆ ಹೋಗುವುದಿಲ್ಲ, ಹೊಸಬರು ಇನ್ನಷ್ಟು ಬಲ ಹಾಕುತ್ತಾರೆ. ಟೋಪಿ ತೆಗೆದ ಮೇಲೆ ಟಾರ್ಚ್ ಹಿಡಿದು ಕನೆಕ್ಟರಿನಲ್ಲಿ ಬಾಗಿದ್ದೇನಾದರೂ ಇದೆಯೇ ನೋಡಿ. ಆಚೆ ಬದಿಯಲ್ಲಿರುವ ಮಿಡ್‌ಪ್ಲೇನ್ ಇಡೀ ಚಾಸಿಗೆ ಒಂದೇ. ಅದರ ಪಿನ್ ಕೆಟ್ಟರೆ ರಿಪೇರಿಗೆ ಚಾಸಿಯನ್ನೇ ನಿಲ್ಲಿಸಬೇಕಾಗುತ್ತದೆ.

ಹಂತ 3: ಕೂರಿಸುವುದು

ಆರಿಸಿದ ಬೇಯ ಬ್ಲ್ಯಾಂಕ್, ಅಂದರೆ ಖಾಲಿ ಬೇ ಮುಚ್ಚುವ ತುಂಡು, ತೆಗೆಯಿರಿ, ಬೇರೆ ಬೇಗಳದ್ದನ್ನು ಮುಟ್ಟಬೇಡಿ. ಬೇ ತೆರೆದಿದ್ದರೆ ತಣ್ಣನೆಯ ಗಾಳಿ ಆ ಸುಲಭದ ದಾರಿ ಹಿಡಿದು, ಪಕ್ಕದ ಬ್ಲೇಡ್‌ಗಳಿಗೆ ಸಾಲದೆ ಹೋಗುತ್ತದೆ.

ಬಟನ್ ಒತ್ತಿ ಲಿವರ್ ಬಿಚ್ಚಿ. ಒಂದು ಕೈ ಬ್ಲೇಡಿನ ಅಡಿಗಿರಲಿ. ನೇರವಾಗಿ, ನಿಧಾನವಾಗಿ ಜಾರಿಸುತ್ತ ತಡೆ ಸಿಕ್ಕಲ್ಲಿ ನಿಲ್ಲಿಸಿ. ಉಳಿದ ಕೆಲಸ ಲಿವರಿನದು: ಮುಚ್ಚುತ್ತಿದ್ದಂತೆ ಕನೆಕ್ಟರ್ ತಾನೇ ಕೂರುತ್ತದೆ, ಕೊನೆಯಲ್ಲಿ ಕ್ಲಿಕ್ ಎಂದು ಬೀಗ ಬೀಳುತ್ತದೆ. ಅಂಗೈಯಿಂದ ಗುದ್ದಬೇಡಿ.

ಹಂತ 4: ದೀಪ ಓದುವುದು

ಬ್ಲೇಡ್ ಪವರನ್ನು ತಾನಾಗಿ ಎಳೆದುಕೊಳ್ಳುವುದಿಲ್ಲ, ಕೇಳಿ ಪಡೆಯುತ್ತದೆ. ಒಳಗೆ ಕೂತ ಕೂಡಲೇ ಐಲೋ ಎಚ್ಚರವಾಗಿ, ಒಳಗೆ ಏನೇನಿದೆ ಎಂದು ಓಎಗೆ ತಿಳಿಸಿ, ಇಷ್ಟು ವ್ಯಾಟ್ ಬೇಕೆಂದು ಕೇಳುತ್ತದೆ. ಓಎ ಉಳಿದಿರುವ ಪವರ್, ಫ್ಯಾನ್‌ಗಳ ಶಕ್ತಿ ಎರಡನ್ನೂ ನೋಡಿಯೇ ಒಪ್ಪಿಗೆ ಕೊಡುತ್ತದೆ. ಇದಕ್ಕೆ ಒಂದೆರಡು ನಿಮಿಷ ಹಿಡಿಯಬಹುದು. ಅಷ್ಟರಲ್ಲಿ ಗಾಬರಿಯಾಗಿ ಬ್ಲೇಡ್ ಎಳೆಯಬೇಡಿ.

ಪವರ್ ದೀಪ ಸ್ಥಿರ ಆಂಬರ್ ಇದ್ದರೆ ಸ್ಟ್ಯಾಂಡ್‌ಬೈ. ಹಸಿರು ಮಿನುಗುತ್ತಿದ್ದರೆ ಆನ್ ಆಗುವ ಹಾದಿಯಲ್ಲಿದೆ, ಸ್ಥಿರ ಹಸಿರಾದರೆ ಆನ್ ಆಗಿದೆ. ಹೆಲ್ತ್ ದೀಪ ಬೇರೆಯೇ: ಹಸಿರು ಸರಿ, ಮಿನುಗುವ ಆಂಬರ್ ಎಂದರೆ ಏನೋ ತೊಂದರೆ, ಮಿನುಗುವ ಕೆಂಪು ಗಂಭೀರ.

ಹಂತ 5: ಓಎಯಲ್ಲಿ ಪವರ್ ಲೆಕ್ಕ

ಬ್ರೌಸರಿನಲ್ಲಿ ಓಎ ತೆರೆದು ಪವರ್ ಆ್ಯಂಡ್ ಥರ್ಮಲ್ ಪುಟಕ್ಕೆ ಹೋಗಿ, ಅಥವಾ ಎಸ್‌ಎಸ್‌ಎಚ್‌ನಲ್ಲಿ 'ಶೋ ಪವರ್' ಎಂದು ಟೈಪ್ ಮಾಡಿ. ಮೊದಲು ನೋಡಬೇಕಾದ್ದು ಪವರ್ ಮೋಡ್.

ಒಂದೊಂದು 2,450 ವ್ಯಾಟ್‌ನ ಆರು ಸಪ್ಲೈ ಇವೆ ಎನ್ನಿ. ಒಟ್ಟು 14,700 ವ್ಯಾಟ್. ಎಸಿ ರಿಡಂಡೆಂಟ್ ಮೋಡಿನಲ್ಲಿ ಓಎ ಅರ್ಧವನ್ನು ಮೀಸಲಿಟ್ಟು 7,350 ವ್ಯಾಟ್ ಮಾತ್ರ ಹಂಚುತ್ತದೆ, ಒಂದು ಫೀಡ್ ಪೂರ್ತಿ ಹೋದರೂ ನಡೆಯಲಿ ಎಂದು. ಪವರ್ ಸಪ್ಲೈ ರಿಡಂಡೆಂಟ್ ಮೋಡಿನಲ್ಲಿ ಒಂದೇ ಸಪ್ಲೈ ಮೀಸಲು, ಹಂಚಲು 12,250 ಸಿಗುತ್ತದೆ. ಆದರೆ ಫೀಡ್ ಹೋದಾಗ ಇದು ಕಾಯುತ್ತದೆ ಎಂಬ ಭರವಸೆಯಿಲ್ಲ. ಸರ್ವರ್‌ಗಳ ಮೇಲೆ ಜನರ ಕೆಲಸ ನಿಂತಿದ್ದರೆ ನನ್ನ ಆಯ್ಕೆ ಯಾವಾಗಲೂ ಎಸಿ ರಿಡಂಡೆಂಟ್.

ಅದೇ ಪುಟದಲ್ಲಿ ಅಲೊಕೇಟೆಡ್, ಪ್ರೆಸೆಂಟ್ ಎಂಬ ಎರಡು ಅಂಕಿಗಳಿವೆ. ಮೊದಲನೆಯದು ಓಎ ಬ್ಲೇಡ್‌ಗಳಿಗೆಂದು ತೆಗೆದಿಟ್ಟದ್ದು, ಎರಡನೆಯದು ಈ ಹೊತ್ತಿನ ನಿಜವಾದ ಬಳಕೆ. ಬಳಕೆ ಕಡಿಮೆಯಿದೆಯಲ್ಲ ಎಂದು ಇನ್ನೂ ನಾಲ್ಕು ಬ್ಲೇಡ್ ಹಾಕಲು ಹೊರಡಬೇಡಿ. ಒಪ್ಪಿಗೆ ಸಿಗುವುದು ಅಲೊಕೇಟೆಡ್ ಲೆಕ್ಕದ ಮೇಲೆ. ಕೊನೆಗೆ ರಿಡಂಡೆನ್ಸಿ ಸ್ಥಿತಿಯ ಮುಂದೆ ರಿಡಂಡೆಂಟ್ ಎಂದೇ ಇರಬೇಕು.

ಹಂತ 6: ಹಿಂದೆ ಹೋಗಿ ಕೇಬಲ್ ನೋಡುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಯಾವ ಕೇಬಲ್ ಯಾವ ಪಿಡಿಯುಗೆ, ಅಂದರೆ ಫೀಡಿನ ಕರೆಂಟ್ ಹಂಚುವ ಪಟ್ಟಿಗೆ, ಹೋಗಿದೆ ಎಂಬುದು ಓಎಗೆ ಕಾಣುವುದಿಲ್ಲ. ನಾಲ್ಕು ಸಪ್ಲೈ ಎ ಫೀಡಿಗೂ ಎರಡು ಬಿ ಫೀಡಿಗೂ ಸೇರಿದ್ದರೂ ಪರದೆಯಲ್ಲಿ ರಿಡಂಡೆಂಟ್ ಎಂದೇ ಇರುತ್ತದೆ. ಎ ಹೋದ ದಿನ ಉಳಿಯುವುದು 7,350 ಅಲ್ಲ, ಬರೀ 4,900 ವ್ಯಾಟ್. ಆದ್ದರಿಂದ ಪ್ರತಿ ಕೇಬಲನ್ನೂ ಬೆರಳು ಬಿಡದೆ ಪಿಡಿಯುವರೆಗೆ ಹಿಂಬಾಲಿಸಿ, ಲೇಬಲನ್ನು ನಂಬಬೇಡಿ. 1, 2, 3 ಒಂದು ಕಡೆ, 4, 5, 6 ಇನ್ನೊಂದು ಕಡೆ.

ಎರಡೂ ಪಿಡಿಯುಗಳ ಆಂಪಿಯರ್ ಓದಿ ಕೂಡಿಸಿ. ಎ 11, ಬಿ 12 ಇದ್ದರೆ ಒಂದು ಹೋದಾಗ ಇನ್ನೊಂದು 23 ಹೊರಬೇಕು. 32 ಆಂಪಿಯರ್ ಪಿಡಿಯು ಮೇಲೆ ನಿರಂತರ ಹೊರೆ ಶೇ. 80ರೊಳಗೆ, ಅಂದರೆ 25ರ ಆಸುಪಾಸಿನಲ್ಲಿ ಇರಲೆಂಬುದು ರೂಢಿ. 23 ಇದರೊಳಗೇ ಇದೆ, ಆದರೆ ಮುಂದಿನ ಬ್ಲೇಡಿಗೆ ಹೆಚ್ಚು ಜಾಗ ಉಳಿದಿಲ್ಲ. ಫೀಡ್ ಆಫ್ ಮಾಡಿ ಪರೀಕ್ಷಿಸುವ ಆಸೆಯಾದರೆ ಮೊದಲೇ ಒಪ್ಪಿಗೆ ಪಡೆದ ಮೆಂಟೆನೆನ್ಸ್ ಸಮಯದಲ್ಲಿ ಮಾತ್ರ.

ಆನ್ ಆಗದಿದ್ದರೆ

ಪವರ್ ಸಾಲದು ಎಂದು ಓಎ ಹೇಳಿದರೆ ಮೋಡ್ ಬದಲಿಸಿ ದಾಟಿಬಿಡುವುದು ಸುಲಭ. ದಯವಿಟ್ಟು ಬೇಡ. ಆಗ ಹೊಸ ಬ್ಲೇಡ್ ಒಂದು ಆನ್ ಆಗುತ್ತದೆ, ಉಳಿದವೆಲ್ಲ ಆಸರೆ ಕಳೆದುಕೊಳ್ಳುತ್ತವೆ. ಸಪ್ಲೈ ಆರಕ್ಕಿಂತ ಕಡಿಮೆ ಇದ್ದರೆ ಫೀಡಿಗೊಂದರಂತೆ ಸೇರಿಸಿ. ಆರೂ ಇದ್ದರೆ ಬೇರೆ ಚಾಸಿ ಹುಡುಕಿ.

ದೀಪವೇ ಬರದಿದ್ದರೆ ಬ್ಲೇಡ್ ಹೊರತೆಗೆದು ಕನೆಕ್ಟರ್ ನೋಡಿ ಮತ್ತೆ ಕೂರಿಸಿ. ಆಗಲೂ ಆಗದಿದ್ದರೆ ಓಎಯಲ್ಲಿ 'ರೀಸೆಟ್ ಸರ್ವರ್' ಎಂದು ಬೇ ಸಂಖ್ಯೆ ಕೊಟ್ಟರೆ ಆ ಬೇಯ ಪವರನ್ನು ಪೂರ್ತಿ ಕಡಿದು ಮತ್ತೆ ಕೊಡುತ್ತದೆ, ಬ್ಲೇಡ್ ಕಿತ್ತು ಹಾಕಿದಂತೆಯೇ. ಸಂಖ್ಯೆ ತಪ್ಪಿದರೆ ಓಡುತ್ತಿರುವ ಸರ್ವರ್ ಒಂದು ಆ ಕ್ಷಣವೇ ಬೀಳುತ್ತದೆ. ಮೊದಲು 'ಶೋ ಸರ್ವರ್ ನೇಮ್ಸ್' ಕೊಟ್ಟು, ನೀವು ಬರೆದಿಟ್ಟ ಸೀರಿಯಲ್ ಸಂಖ್ಯೆ ಯಾವ ಬೇಯಲ್ಲಿದೆ ಎಂದು ತಾಳೆ ನೋಡಿ, ಆಮೇಲೆ ಎಂಟರ್ ಒತ್ತಿ.