ಮುಖಕ್ಕೆ ಏನು ಹಚ್ಚೋಣ?

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಬಿಸಿಲು ನಮಗೆಲ್ಲ ಗೊತ್ತು. ಶೇಂಗಾ ಹೊಲದಲ್ಲಿ ಕಳೆ ಕೀಳುವಾಗ ಮುಖ ಕಪ್ಪಾಗುತ್ತದೆ. ಒಬ್ಬರು ನಿಂಬೆಹಣ್ಣು ತಿಕ್ಕು ಅಂತಾರೆ. ಇನ್ನೊಬ್ಬರು ಕ್ರೀಮು ಹಚ್ಚು ಅಂತಾರೆ. ನಾವು ಎರಡನ್ನೂ ಹಚ್ಚುತ್ತೇವೆ!

ನಮ್ಮ ಕಲಿಕಾ ಕೇಂದ್ರದ ಅಕ್ಕ ಒಬ್ಬರು ಹಾಗೇ ಮಾಡಿದರು. ಮಗಳ ಮದುವೆಗೆ ಮೂರು ತಿಂಗಳಿತ್ತು. ರಾತ್ರಿ ಅಂಗಡಿಯಿಂದ ತಂದ ಮುಲಾಮು. ಬೆಳಿಗ್ಗೆ ನಿಂಬೆರಸ. ಆಮೇಲೆ ಹೊಲದ ಕೆಲಸ. ಮೊದಮೊದಲು ಮುಖ ಬೆಳ್ಳಗಾಯಿತು. ಎರಡು ತಿಂಗಳಿಗೆ ಕೆಂಪಾಗಿ ಉರಿಯತೊಡಗಿತು. ಮದುವೆ ಫೋಟೋದಲ್ಲಿ ಅಕ್ಕ ಮುಖಕ್ಕೆ ಸೆರಗು ಅಡ್ಡ ಹಿಡಿದಿದ್ದಾರೆ.

ಆ ಮುಲಾಮಿನಲ್ಲಿ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್. ಈ ಪದವನ್ನು ಇನ್ನೊಮ್ಮೆ ಓದಿ. ಇದು ಚರ್ಮರೋಗಕ್ಕೆ ಡಾಕ್ಟರು ಲೆಕ್ಕ ಹಾಕಿ ಕೊಡುವ ಔಷಧಿ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಮೊಡವೆ ಏಳುತ್ತದೆ, ಕೂದಲೂ ಬೆಳೆಯಬಹುದು. ಇಂಥ 14 ಔಷಧಿಗಳ ಮುಲಾಮನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲಿ ಸರ್ಕಾರ ಹೇಳಿತು. ಟ್ಯೂಬಿನ ಮೇಲಿನ ಬರಹ ಇಂಗ್ಲಿಷು. ಆದರೂ ಅಂಗಡಿಯವರನ್ನು ಕೇಳಬಹುದಲ್ಲ, "ಇದರಲ್ಲಿ ಸ್ಟೀರಾಯ್ಡ್ ಇದೆಯಾ?" ಅಂತ.

ನಿಂಬೆರಸವೂ ಸಾಧುವಲ್ಲ. ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಉಳಿಯಬಹುದು.

ಹೊಸದೇನಾದರೂ ಹಚ್ಚುವುದಿದ್ದರೆ ಒಂದನ್ನೇ ಹಚ್ಚಿ. ಮೊದಲು ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ನೋಡಿ. ಉರಿದರೆ ಬಿಟ್ಟುಬಿಡಿ. ದಿನಾ ತಣ್ಣೀರಲ್ಲಿ ಮುಖ ತೊಳೆದು ಚೂರು ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಮೊಡವೆ ಇದ್ದವರಿಗೆ ಎಣ್ಣೆ ಬೇಡ. ಹೊಲಕ್ಕೆ ಹೋಗುವಾಗ ತಲೆ ತುಂಬ ಸೆರಗು ಹೊದೆಯಿರಿ. ಅದಕ್ಕೆ ದುಡ್ಡೂ ಬೇಡ.

ಮುಲಾಮನ್ನು ಬಹಳ ದಿನದಿಂದ ಹಚ್ಚುತ್ತಿದ್ದೀರಾ? ಥಟ್ಟನೆ ಬಿಟ್ಟರೆ ಉರಿ ಹೆಚ್ಚಬಹುದು. ಟ್ಯೂಬನ್ನೇ ಕೈಯಲ್ಲಿ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿ, ಡಾಕ್ಟರಿಗೆ ತೋರಿಸಿ.